ಒಂದೊಂದು ವರ್ಷದ ಹತ್ತು ಮೇಯರ್‌ಗಳು: ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, 2010–2020

2010ರ ಏಪ್ರಿಲ್‌ನಿಂದ 2020ರ ಸೆಪ್ಟೆಂಬರ್‌ವರೆಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ (ಬಿಬಿಎಂಪಿ) ಎರಡು ಚುನಾಯಿತ ಕೌನ್ಸಿಲ್‌ಗಳು ಅಧಿಕಾರ ನಡೆಸಿದವು. ಈ ಅವಧಿಯಲ್ಲಿ ಮೇಯರ್ ಪೀಠಕ್ಕೆ ಹತ್ತು ಮಂದಿ ಬಂದುಹೋದರು. ಮೊದಲ ಕೌನ್ಸಿಲ್‌ನಲ್ಲಿ ಎಸ್.ಕೆ. ನಟರಾಜ್, ಶಾರದಮ್ಮ, ಡಿ. ವೆಂಕಟೇಶಮೂರ್ತಿ, ಬಿ.ಎಸ್. ಸತ್ಯನಾರಾಯಣ ಮತ್ತು ಎನ್. ಶಾಂತಕುಮಾರಿ ಮೇಯರ್ ಆದರು, ಎರಡನೆಯದರಲ್ಲಿ ಬಿ.ಎನ್. ಮಂಜುನಾಥ ರೆಡ್ಡಿ, ಜಿ. ಪದ್ಮಾವತಿ, ಆರ್. ಸಂಪತ್ ರಾಜ್, ಗಂಗಾಂಬಿಕೆ ಮಲ್ಲಿಕಾರ್ಜುನ್ ಮತ್ತು ಎಂ. ಗೌತಮ್ ಕುಮಾರ್. ಹತ್ತರಲ್ಲಿ ನಾಲ್ವರು ಮಹಿಳೆಯರು. ಸಂಪತ್ ರಾಜ್ ಅವರು ಪರಿಶಿಷ್ಟ ಜಾತಿಗೆ ಮೀಸಲಾದ ಸರದಿಯಲ್ಲಿ ಆಯ್ಕೆಯಾದವರು. ದೇಶದ ಬಹುತೇಕ ವಿಧಾನಸಭೆಗಳಲ್ಲಾಗಲಿ ಸಚಿವ ಸಂಪುಟಗಳಲ್ಲಾಗಲಿ ಮಹಿಳೆಯರ ಪಾಲು ಇದರ ಹತ್ತಿರಕ್ಕೂ ಸುಳಿಯುವುದಿಲ್ಲ ಎಂಬುದನ್ನು ನೆನೆದರೆ, ಪ್ರಾತಿನಿಧ್ಯದ ಮಟ್ಟಿಗೆ ಇದು ದೊಡ್ಡ ಸಾಧನೆಯೇ ಸರಿ.

ಆದರೆ ಇದೇ ಪಟ್ಟಿ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ವರ್ಷಕ್ಕೆ 10,000 ಕೋಟಿ ರೂಪಾಯಿ ಮೀರಿದ ಬಜೆಟ್ ಮಂಡಿಸುವ ಮಟ್ಟಕ್ಕೆ ಬೆಳೆದ, 198 ವಾರ್ಡ್‌ಗಳ ಸಂಸ್ಥೆಯೊಂದರ ಮುಖ್ಯಸ್ಥರು ಹೆಚ್ಚುಕಡಿಮೆ ಹನ್ನೆರಡು ತಿಂಗಳಿಗೊಮ್ಮೆ ಬದಲಾಗುತ್ತಾ ಬಂದರು. ವೈವಿಧ್ಯವೂ ಅಲ್ಪಾವಧಿಯೂ ಇಲ್ಲಿ ಒಂದೇ ಏರ್ಪಾಟಿನ ಎರಡು ಮುಖಗಳಾಗಿದ್ದವು. ಪೀಠ ಬೇಗ ಖಾಲಿಯಾಗುತ್ತಿದ್ದುದರಿಂದಲೇ ಎಲ್ಲ ವರ್ಗಗಳಿಗೂ ಸರದಿ ಬರುತ್ತಿತ್ತು. ಬೇಗ ಖಾಲಿಯಾಗುತ್ತಿದ್ದುದರಿಂದಲೇ ಸರದಿಯಲ್ಲಿ ಬಂದವರ ಕೈಗೆ ಅಧಿಕಾರ ದಕ್ಕುತ್ತಿರಲಿಲ್ಲ. ಮೀಸಲಾತಿಯ ಮೂಲಕ ಬಂದ ನಾಯಕತ್ವ ಬರೀ ಹೆಸರಿಗೆ ಎಂಬ ದೂರು ಬೆಂಗಳೂರಿನಲ್ಲಿ ಆಗಾಗ ಕೇಳಿಬರುತ್ತದೆ. ಆ ದೂರಿನ ಬೇರು ಮೀಸಲಾತಿಯಲ್ಲಿಲ್ಲ, ಅವಧಿಯ ಲೆಕ್ಕದಲ್ಲಿದೆ ಎಂಬುದು ಈ ಪ್ರಕರಣವನ್ನು ಬಿಡಿಸಿ ನೋಡಿದಾಗ ತಿಳಿಯುತ್ತದೆ.

ಕಾನೂನಿನ ಚೌಕಟ್ಟು

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯು ನಗರ ಸ್ಥಳೀಯ ಸಂಸ್ಥೆಗಳಿಗೆ ಐದು ವರ್ಷಗಳ ಅವಧಿಯನ್ನು ನಿಗದಿ ಮಾಡಿತು. 243ಟಿ ವಿಧಿಯು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಜನಸಂಖ್ಯೆಗೆ ಅನುಗುಣವಾಗಿಯೂ, ಮಹಿಳೆಯರಿಗೆ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆಯೂ ಸ್ಥಾನಗಳನ್ನು ಮೀಸಲಿಟ್ಟಿತು. ಅಧ್ಯಕ್ಷ ಸ್ಥಾನಗಳ ಮೀಸಲಾತಿಯನ್ನು ಯಾವ ರೀತಿ ಮಾಡಬೇಕು ಎಂಬುದನ್ನು ಮಾತ್ರ ಆಯಾ ರಾಜ್ಯದ ಶಾಸನಸಭೆಗೆ ಬಿಟ್ಟಿತು. ಕೌನ್ಸಿಲ್ ಎಷ್ಟು ಕಾಲ ಇರಬೇಕೆಂದು ಸಂವಿಧಾನ ಹೇಳಿತು. ಕೌನ್ಸಿಲ್ಲಿನ ಮುಖ್ಯಸ್ಥರು ಎಷ್ಟು ಕಾಲ ಇರಬೇಕೆಂದು ಹೇಳಲಿಲ್ಲ. ಮುಂದಿನ ಕಥೆಯೆಲ್ಲ ಈ ತೆರವಿನಲ್ಲಿ ನಡೆದದ್ದು.

ಈ ತೆರವನ್ನು ಒಂದೊಂದು ರಾಜ್ಯ ಒಂದೊಂದು ಬಗೆಯಲ್ಲಿ ತುಂಬಿಕೊಂಡಿತು. ಚೆನ್ನೈ, ಕೋಲ್ಕತ್ತ ಮತ್ತು ತಿರುವನಂತಪುರದ ಮೇಯರ್‌ಗಳದ್ದು ಐದು ವರ್ಷಗಳ ಅವಧಿ, ಮುಂಬೈಯಲ್ಲಿ ಎರಡೂವರೆ ವರ್ಷ. ದೆಹಲಿಯಲ್ಲಿ ಒಂದೇ ವರ್ಷ. ಅಲ್ಲಿ ಮೊದಲ ವರ್ಷ ಮಹಿಳೆಗೆ, ಮೂರನೇ ವರ್ಷ ಪರಿಶಿಷ್ಟ ಜಾತಿಗೆ ಎಂದು ಕಾಯ್ದೆಯೇ ಹೇಳುತ್ತದೆ. ಕರ್ನಾಟಕ ಪೌರ ನಿಗಮಗಳ ಕಾಯ್ದೆ, 1976 ಮೇಯರ್ ಮತ್ತು ಉಪಮೇಯರ್‌ಗೆ ಒಂದು ವರ್ಷವನ್ನಷ್ಟೇ ಕೊಟ್ಟಿತು. ಪಾಲಿಕೆಯ ಹನ್ನೆರಡು ಸ್ಥಾಯಿ ಸಮಿತಿಗಳ ಅವಧಿಯೂ ಒಂದೇ ವರ್ಷ. ಯಾವ ವರ್ಷ ಯಾವ ವರ್ಗ ಎಂಬ ಮೀಸಲಾತಿ ಪಟ್ಟಿಯನ್ನು ಸಿದ್ಧಪಡಿಸಿ ಅಧಿಸೂಚನೆ ಹೊರಡಿಸುವುದು ರಾಜ್ಯ ಸರ್ಕಾರದ ಕೆಲಸ.

ಈ ಚೌಕಟ್ಟಿನಲ್ಲಿ ಮೇಯರ್ ಸ್ಥಾನಕ್ಕೆ ಗೌರವ ಬಹಳ, ಕೈಗೆ ಸಿಗುವ ಹಿಡಿತ ಕಡಿಮೆ. ಕೌನ್ಸಿಲ್ ಸಭೆಯ ಅಧ್ಯಕ್ಷತೆ ಮೇಯರ್‌ದು. ಕಾರ್ಯಾಂಗದ ಅಧಿಕಾರ ರಾಜ್ಯ ಸರ್ಕಾರ ನೇಮಿಸುವ ಆಯುಕ್ತರದು. ಬಜೆಟ್ ಮಂಡಿಸುವುದು ತೆರಿಗೆ ಮತ್ತು ಆರ್ಥಿಕ ಸ್ಥಾಯಿ ಸಮಿತಿಯ ಅಧ್ಯಕ್ಷರು, ಅದಕ್ಕೆ ಅಂತಿಮ ಒಪ್ಪಿಗೆ ಕೊಡುವುದು ಸರ್ಕಾರ. ಮೇಯರ್ ಚುನಾವಣೆಯಲ್ಲಿ ಪಾಲಿಕೆ ಸದಸ್ಯರ ಜತೆಗೆ ನಗರದ ಶಾಸಕರು, ಸಂಸದರು ಮತ್ತು ವಿಧಾನ ಪರಿಷತ್ ಸದಸ್ಯರೂ ಮತ ಹಾಕುತ್ತಿದ್ದರು. 2015ರ ಚುನಾವಣೆಯಲ್ಲಿ 198 ವಾರ್ಡ್‌ಗಳ ಪೈಕಿ ಬಿಜೆಪಿ 100ರಲ್ಲಿ ಗೆದ್ದರೂ, 76 ಸ್ಥಾನಗಳ ಕಾಂಗ್ರೆಸ್ 14 ಸ್ಥಾನಗಳ ಜೆಡಿಎಸ್ ಜತೆ ಕೈಜೋಡಿಸಿ, ಪಕ್ಷೇತರರ ಹಾಗೂ ಈ ಮತಗಳ ಬಲದಿಂದ ಸತತ ನಾಲ್ಕು ವರ್ಷ ಮೇಯರ್ ಸ್ಥಾನವನ್ನು ಉಳಿಸಿಕೊಂಡಿತು. ಹೀಗಾಗಿ ಮೇಯರ್ ಯಾರಾಗಬೇಕೆಂಬ ತೀರ್ಮಾನ ಹಡ್ಸನ್ ವೃತ್ತದ ಕೇಂದ್ರ ಕಚೇರಿಗಿಂತ ಪಕ್ಷಗಳ ಕಚೇರಿಗಳಲ್ಲಿ, ಶಾಸಕರ ಮನೆಗಳಲ್ಲಿ ಆಗುತ್ತಿತ್ತು. ಪ್ರತಿ ವರ್ಷ ಹೊಸ ಚುನಾವಣೆ ಎಂದರೆ ಪ್ರತಿ ವರ್ಷ ಹೊಸ ಕಟ್ಟುಪಾಡು ಎಂದೇ ಅರ್ಥ.

ಒಂದು ಅವಧಿಯ ಕ್ಯಾಲೆಂಡರ್

ಹನ್ನೆರಡು ತಿಂಗಳು ಎನ್ನುವುದು ಲೆಕ್ಕಕ್ಕೆ ಹನ್ನೆರಡು. ಕೆಲಸಕ್ಕೆ ಎಷ್ಟು ಉಳಿಯುತ್ತಿತ್ತು ಎಂಬುದನ್ನು 2018–19ರ ಅವಧಿಯನ್ನು ಹಿಡಿದು ನೋಡಬಹುದು. ಜಯನಗರ ವಾರ್ಡಿನ ಸದಸ್ಯೆ ಗಂಗಾಂಬಿಕೆ ಮಲ್ಲಿಕಾರ್ಜುನ್ ಅವರು ಸಾಮಾನ್ಯ ಮಹಿಳೆಗೆ ಮೀಸಲಾದ ಸರದಿಯಲ್ಲಿ 2018ರ ಸೆಪ್ಟೆಂಬರ್ ಕೊನೆಯಲ್ಲಿ ನಗರದ 52ನೇ ಮೇಯರ್ ಆದರು. ಆರ್ಥಿಕ ವರ್ಷ ಆಗ ಅರ್ಧ ಸವೆದಿತ್ತು. ಹಿಂದಿನವರ ಕಾಲದ ಬಜೆಟ್ಟಿನ ಕಾಮಗಾರಿಗಳು ಟೆಂಡರ್ ಮತ್ತು ಕಾರ್ಯಾದೇಶದ ಹಂತಗಳಲ್ಲಿದ್ದವು. ಅವುಗಳ ಆದ್ಯತೆಯನ್ನು ಹೊಸಬರು ಬದಲಿಸುವಂತಿರಲಿಲ್ಲ. ಹೊಸ ಸ್ಥಾಯಿ ಸಮಿತಿಗಳು ರಚನೆಯಾಗಿ, ಅವರದೇ ಅವಧಿಯ ಬಜೆಟ್ 2019ರ ಫೆಬ್ರುವರಿಯಲ್ಲಿ ಮಂಡನೆಯಾಯಿತು. ಮಾರ್ಚ್ 10ರಂದು ಲೋಕಸಭಾ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಜಾರಿಗೆ ಬಂತು. ಮೇ 23ರಂದು ಫಲಿತಾಂಶ ಬರುವ ತನಕ ಹೊಸ ಯೋಜನೆ ಘೋಷಿಸುವಂತಿಲ್ಲ, ಹೊಸ ಟೆಂಡರ್ ಕರೆಯುವಂತಿಲ್ಲ. ಜುಲೈ ಕೊನೆಯಲ್ಲಿ ರಾಜ್ಯದ ಸಮ್ಮಿಶ್ರ ಸರ್ಕಾರ ಉರುಳಿ ಬೇರೆ ಪಕ್ಷದ ಸರ್ಕಾರ ಬಂತು. ಆಗಸ್ಟ್‌ನಲ್ಲಿ ಪಾಲಿಕೆಯ ಆಯುಕ್ತರು ಬದಲಾದರು. ಸೆಪ್ಟೆಂಬರ್ ಕೊನೆಗೆ ಮೇಯರ್ ಅವಧಿಯೇ ಮುಗಿಯಿತು. ತಮ್ಮ ಕಾಲದಲ್ಲಿ ಮಂಡನೆಯಾದ ಬಜೆಟ್ಟನ್ನು ನೆಲಕ್ಕಿಳಿಸಲು ಅವರಿಗೆ ಸಿಕ್ಕಿದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳು. ಅದೂ ಮಳೆಗಾಲ, ಅದರ ನಡುವೆಯೇ ಸರ್ಕಾರವೂ ಆಯುಕ್ತರೂ ಬದಲಾದ ಕಾಲ.

ಅದರ ಹಿಂದಿನ ವರ್ಷವೂ ಭಿನ್ನವಾಗಿರಲಿಲ್ಲ. ಸಂಪತ್ ರಾಜ್ ಅವರ ಅವಧಿಯ ನಡುವೆ 2018ರ ಮಾರ್ಚ್ 27ರಂದು ವಿಧಾನಸಭಾ ಚುನಾವಣೆ ಘೋಷಣೆಯಾಗಿ, ಮೇ 15ರಂದು ಫಲಿತಾಂಶ ಬಂತು. ಫ್ಲೆಕ್ಸ್ ಮತ್ತು ಅನಧಿಕೃತ ಜಾಹೀರಾತು ಫಲಕಗಳ ಬಗ್ಗೆ ಹೈಕೋರ್ಟ್ ಕಟ್ಟುನಿಟ್ಟಿನ ಆದೇಶ ಕೊಟ್ಟಿದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಹೊರಾಂಗಣ ಜಾಹೀರಾತನ್ನು ನಿಷೇಧಿಸುವ ನಿರ್ಣಯವನ್ನು ಕೌನ್ಸಿಲ್ ಆ ತಿಂಗಳಲ್ಲೇ ಕೈಗೊಂಡಿತು. ಬಹುಶಃ ಆ ಕೌನ್ಸಿಲ್ ಕೈಗೊಂಡ ಅತ್ಯಂತ ಗಟ್ಟಿಯಾದ ನಿರ್ಣಯ ಅದು. ನಿರ್ಣಯಕ್ಕೆ ಅಧ್ಯಕ್ಷತೆ ವಹಿಸಿದ್ದ ಮೇಯರ್ ಅದರ ಜಾರಿಯನ್ನು ನೋಡಿಕೊಳ್ಳಲು ಎರಡು ತಿಂಗಳೂ ಇರಲಿಲ್ಲ.

2019ರ ಅಕ್ಟೋಬರ್ 1ರಂದು ಬಂದ ಗೌತಮ್ ಕುಮಾರ್ ಅವರ ಅವಧಿಯ ಉತ್ತರಾರ್ಧವನ್ನು ಕೋವಿಡ್ ನುಂಗಿತು. 2020ರ ಸೆಪ್ಟೆಂಬರ್ 10ರಂದು ಕೌನ್ಸಿಲ್ಲಿನ ಅವಧಿ ಮುಗಿದಾಗ ಅವರ ಒಂದು ವರ್ಷವೂ ಪೂರ್ತಿಯಾಗಿರಲಿಲ್ಲ.

ಕಸದ ಪ್ರಶ್ನೆ ಮತ್ತು ಮೂವರು ಮೇಯರ್‌ಗಳು

ಅಲ್ಪಾವಧಿಯ ಬೆಲೆ ಅತ್ಯಂತ ಸ್ಪಷ್ಟವಾಗಿ ಕಂಡಿದ್ದು ಕಸ ವಿಲೇವಾರಿಯಲ್ಲಿ. 2012ರಲ್ಲಿ ಮಾವಳ್ಳಿಪುರದ ಭೂಭರ್ತಿ ಘಟಕ ಮುಚ್ಚಿದಾಗ ನಗರದ ಕಸವೆಲ್ಲ ಮಂಡೂರಿನತ್ತ ತಿರುಗಿತು. ಬೀದಿಗಳಲ್ಲಿ ಕಸದ ರಾಶಿ ಬೆಳೆಯಿತು. ಮೂಲದಲ್ಲೇ ಹಸಿ ಕಸ, ಒಣ ಕಸ ಬೇರ್ಪಡಿಸುವುದನ್ನು ಆ ವರ್ಷದ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಲಾಯಿತು. ಮಂಡೂರಿನ ಜನರ ಪ್ರತಿಭಟನೆ 2014ರಲ್ಲಿ ತೀವ್ರವಾಯಿತು. ಆ ವರ್ಷದ ಡಿಸೆಂಬರ್‌ನಿಂದ ಅಲ್ಲಿಗೆ ಕಸ ಕಳಿಸುವುದಿಲ್ಲ ಎಂದು ಸರ್ಕಾರ ಮಾತು ಕೊಟ್ಟಿತು.

ಕಸ ಬೇರ್ಪಡಿಸುವುದು ಆದೇಶದಿಂದ ಆಗುವ ಕೆಲಸವಲ್ಲ. ಮನೆಮನೆಯ ಅಭ್ಯಾಸ ಬದಲಾಗಬೇಕು, ಪೌರಕಾರ್ಮಿಕರಿಗೆ ತರಬೇತಿ ಬೇಕು, ಬೇರ್ಪಡಿಸಿದ್ದನ್ನು ಬೇರೆಯಾಗಿಯೇ ಸಾಗಿಸಲು ಆಟೊ ಟಿಪ್ಪರ್‌ಗಳು ಬೇಕು, ವಾರ್ಡ್ ಮಟ್ಟದಲ್ಲಿ ಒಣ ಕಸ ಸಂಗ್ರಹ ಕೇಂದ್ರ ಬೇಕು, ಗುತ್ತಿಗೆದಾರರ ಜತೆಗಿನ ಕರಾರು ಬದಲಾಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಉಳಿದದ್ದು ವ್ಯರ್ಥ: ಬೇರ್ಪಡಿಸಿ ಕೊಟ್ಟ ಕಸ ಒಂದೇ ಲಾರಿಯಲ್ಲಿ ಬೆರೆತು ಹೋಗುವುದನ್ನು ಕಂಡ ಗೃಹಿಣಿ ಮರುದಿನದಿಂದ ಬೇರ್ಪಡಿಸುವುದಿಲ್ಲ. ಎರಡು ಮೂರು ವರ್ಷ ಒಂದೇ ದೃಷ್ಟಿಯಿಂದ ಬೆನ್ನು ಹತ್ತಬೇಕಾದ ಕೆಲಸ ಇದು. ಕಡ್ಡಾಯದ ಆದೇಶ ಬಂದಾಗ ವೆಂಕಟೇಶಮೂರ್ತಿ ಮೇಯರ್. ಮಂಡೂರಿನ ಪ್ರತಿಭಟನೆ ತೀವ್ರವಾದಾಗ ಸತ್ಯನಾರಾಯಣ. ಮಂಡೂರಿಗೆ ಕಸ ನಿಲ್ಲಿಸುವ ಗಡುವು ಬಂದಾಗ ಶಾಂತಕುಮಾರಿ. ಪ್ರತಿಯೊಬ್ಬರೂ ಹಿಂದಿನವರು ಬಿಟ್ಟುಹೋದ ಸಮಸ್ಯೆಯ ನಡುವೆ ಬಂದು, ಮುಂದಿನವರಿಗೆ ಅದನ್ನು ಒಪ್ಪಿಸಿ ಹೋಗಬೇಕಾಯಿತು. ಆರೋಗ್ಯ ಸ್ಥಾಯಿ ಸಮಿತಿಯ ಅಧ್ಯಕ್ಷರ ಅವಧಿಯೂ ವರ್ಷಕ್ಕೇ ಮುಗಿಯುತ್ತಿದ್ದುದರಿಂದ, ಕಸದ ವಿಷಯವನ್ನು ಆರಂಭದಿಂದ ಬಲ್ಲ ಹುದ್ದೆದಾರರು ಚುನಾಯಿತರ ಸಾಲಿನಲ್ಲಿ ಒಬ್ಬರೂ ಇರುತ್ತಿರಲಿಲ್ಲ. ವಿಷಯದ ನೆನಪೆಲ್ಲ ಕಡತಗಳಲ್ಲಿ, ಕಡತಗಳು ಅಧಿಕಾರಿಗಳ ಬಳಿ.

ಇಲ್ಲಿಯೇ ಅಧಿಕಾರದ ಸಮತೋಲ ತಪ್ಪುವುದು. ಅಖಿಲ ಭಾರತ ಸೇವೆಯ ಅಧಿಕಾರಿಗಳ ವರ್ಗಾವಣೆಯೂ ನಮ್ಮಲ್ಲಿ ದೊಡ್ಡ ರೋಗವೇ. 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಧಿಕಾರಿಗಳಿಗೆ ಕನಿಷ್ಠ ಅವಧಿ ಖಾತ್ರಿಪಡಿಸಬೇಕೆಂದು ನಿರ್ದೇಶನ ಕೊಟ್ಟಿದ್ದು ಆ ಕಾರಣಕ್ಕೇ. ಆದರೂ ಬೆಂಗಳೂರಿನಲ್ಲಿ ಎನ್. ಮಂಜುನಾಥ ಪ್ರಸಾದ್ ಅವರು 2016ರಿಂದ 2019ರವರೆಗೆ ಮೂರು ವರ್ಷಕ್ಕೂ ಹೆಚ್ಚು ಕಾಲ ಆಯುಕ್ತರಾಗಿದ್ದರು, ಮತ್ತು ಆ ಒಂದು ಅವಧಿಯಲ್ಲಿ ನಾಲ್ವರು ಮೇಯರ್‌ಗಳ ಜತೆ ಕೆಲಸ ಮಾಡಿದರು. ಆಯುಕ್ತರು ಅಷ್ಟು ಕಾಲ ಇದ್ದದ್ದು ಒಳ್ಳೆಯದೇ, ಇರಬೇಕಾದದ್ದು ಹಾಗೆಯೇ. ಪ್ರಶ್ನೆ ಇರುವುದು ಜನರು ಆರಿಸಿದವರಿಗೆ ಅದರ ಮೂರನೇ ಒಂದು ಭಾಗವೂ ಏಕೆ ಸಿಗಲಿಲ್ಲ ಎಂಬುದರಲ್ಲಿ. ವರ್ಷ ತುಂಬಿದರೆ ಹೋಗುವವರು ಎಂದು ಎಲ್ಲರಿಗೂ ಗೊತ್ತಿರುವ ಮುಖ್ಯಸ್ಥರ ಸೂಚನೆಯನ್ನು ಕೆಳಗಿನವರು ನಿರಾಕರಿಸುವ ಅಗತ್ಯವೇ ಬೀಳುವುದಿಲ್ಲ. ಪರಿಶೀಲನೆಯಲ್ಲಿದೆ ಎಂದು ಎರಡು ಸಲ ಉತ್ತರ ಬರೆದರೆ ಸಾಕು, ಅವಧಿ ಮುಗಿದಿರುತ್ತದೆ.

ಮೊದಲ ಬಾರಿಗೆ ಗೆದ್ದು ಬಂದವರಿಗೆ, ಮುಖ್ಯವಾಗಿ ಮೀಸಲಾತಿಯ ಬಲದಿಂದ ರಾಜಕೀಯದ ಬಾಗಿಲು ದಾಟಿದ ಮಹಿಳೆಯರಿಗೆ ಮತ್ತು ದಲಿತರಿಗೆ, ಈ ವ್ಯವಸ್ಥೆ ಇನ್ನೂ ಕಠಿಣ. ಹಣ, ಬಂಧುಬಳಗ, ಪಕ್ಷದೊಳಗಿನ ಹಿರಿತನ ಇರುವವರು ಒಂದೇ ವರ್ಷದಲ್ಲೂ ಕೆಲಸ ಮಾಡಿಸಿಕೊಂಡಾರು. ಅಂತಹ ಒತ್ತಾಸೆ ಇಲ್ಲದವರಿಗೆ ಹುದ್ದೆಯ ಅಧಿಕಾರವೊಂದೇ ಆಸರೆ. ಅದನ್ನು ಬಳಸುವ ಬಗೆ ಕಲಿಯುವಷ್ಟರಲ್ಲಿ ಅದು ಕೈಬಿಟ್ಟುಹೋಗುತ್ತದೆ. ಆಮೇಲೆ ಅವರನ್ನು ಬರೀ ಹೆಸರಿಗೆ ಮೇಯರ್ ಎಂದು ದೂರುವುದು ಅನ್ಯಾಯ.

ಸರದಿಯ ಪರವಾದ ವಾದ

ಒಂದು ವರ್ಷದ ಅವಧಿಯನ್ನು ಸಮರ್ಥಿಸುವವರ ವಾದವನ್ನು ತಳ್ಳಿಹಾಕುವಂತಿಲ್ಲ. 1949ರಲ್ಲಿ ನಗರ ಮತ್ತು ದಂಡು ಪ್ರದೇಶದ ಪುರಸಭೆಗಳು ಸೇರಿ ಬೆಂಗಳೂರು ಪಾಲಿಕೆಯಾದಂದಿನಿಂದ ಗೌತಮ್ ಕುಮಾರ್ ಅವರ ತನಕ ನಗರ 53 ಮೇಯರ್‌ಗಳನ್ನು ಕಂಡಿದೆ. ಅವಧಿ ಐದು ವರ್ಷವಾಗಿದ್ದರೆ ಈ ಏಳು ದಶಕಗಳಲ್ಲಿ ಹದಿನಾಲ್ಕು ಮಂದಿಗಷ್ಟೇ ಅವಕಾಶ ಸಿಗುತ್ತಿತ್ತು. ಪರಿಶಿಷ್ಟ ಜಾತಿಯ ಮಹಿಳೆಗೆ ಸರದಿ ಬರಲು ಎಷ್ಟು ದಶಕ ಕಾಯಬೇಕಾಗುತ್ತಿತ್ತು? ಶತಮಾನಗಳ ಕಾಲ ಹೊರಗಿಟ್ಟವರನ್ನು ಇನ್ನೂ ಕಾಯಿಸುವುದು ನ್ಯಾಯವೇ? ಈ ಪ್ರಶ್ನೆಯನ್ನು ಎತ್ತುವವರು ಅಧಿಕಾರದಾಸೆಯಿಂದ ಎತ್ತುತ್ತಾರೆ ಎನ್ನುವುದು ಅವಸರದ ತೀರ್ಪು. ಪೀಠದಲ್ಲಿ ತಮ್ಮವರೊಬ್ಬರು ಕುಳಿತದ್ದನ್ನು ನೋಡುವುದಕ್ಕೂ ತನ್ನದೇ ಆದ ಬೆಲೆಯಿದೆ.

ಆ ಬೆಲೆ ಎಷ್ಟೆಂಬುದಕ್ಕೆ ಪಂಚಾಯಿತಿಗಳಿಂದ ಒಳ್ಳೆಯ ಆಧಾರ ಸಿಕ್ಕಿದೆ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಅವರು ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಹಿಳೆ ಅಧ್ಯಕ್ಷೆಯಾಗಿರುವ ಪಂಚಾಯಿತಿಗಳಲ್ಲಿ ಕುಡಿಯುವ ನೀರಿನಂತಹ ಮಹಿಳೆಯರ ಬೇಡಿಕೆಗಳಿಗೆ ಹೆಚ್ಚು ಹಣ ವಿನಿಯೋಗವಾದದ್ದು ಕಂಡುಬಂತು. 2009ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನವು, ಎರಡು ಅವಧಿಗೆ ಮಹಿಳಾ ಮೀಸಲು ಕಂಡ ಕಡೆ, ಮೀಸಲಾತಿ ಹೋದ ಮೇಲೂ ಹೆಚ್ಚು ಮಹಿಳೆಯರು ಸ್ಪರ್ಧಿಸಿ ಗೆದ್ದರೆಂದು ತೋರಿಸಿತು. ಮೀಸಲಾತಿಯ ಪರವಾಗಿ ಈ ಅಧ್ಯಯನಗಳನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಅಂಶವಿದೆ: ಅಲ್ಲಿನ ಅಧ್ಯಕ್ಷೆಯರದ್ದು ಐದು ವರ್ಷಗಳ ಅವಧಿ. ಕೊಳವೆಬಾವಿ ತೋಡಿಸಿ, ನೀರು ಬರುವುದನ್ನು ಜನ ನೋಡಿ, ಹೆಂಗಸರೂ ಆಡಳಿತ ನಡೆಸಬಲ್ಲರು ಎಂಬ ನಂಬಿಕೆ ಊರಿನಲ್ಲಿ ಮೂಡಲು ಅಷ್ಟು ಸಮಯವಿತ್ತು.

ಚೆನ್ನೈ ಇನ್ನೊಂದು ಹೋಲಿಕೆ ಒದಗಿಸುತ್ತದೆ. 2022ರ ಮಾರ್ಚ್‌ನಲ್ಲಿ ಆರ್. ಪ್ರಿಯಾ ಅಲ್ಲಿನ ಮೇಯರ್ ಆದರು. ಆ ನಗರದ ಮೊದಲ ದಲಿತ ಮಹಿಳಾ ಮೇಯರ್, ಅದೂ ಐದು ವರ್ಷಗಳ ಅವಧಿಗೆ. ತಮಿಳುನಾಡಿನ 21 ಪಾಲಿಕೆಗಳ ಪೈಕಿ 11ರ ಮೇಯರ್ ಸ್ಥಾನ ಆ ಸಲ ಮಹಿಳೆಯರದಾಗಿತ್ತು. ಅಲ್ಲಿ ಸರದಿಯನ್ನು ಒಂದೇ ಕುರ್ಚಿಯ ಮೇಲೆ ವರ್ಷವರ್ಷಕ್ಕೂ ಹಂಚದೆ, ರಾಜ್ಯದ ಹಲವು ಕುರ್ಚಿಗಳ ನಡುವೆ ಏಕಕಾಲಕ್ಕೆ ಹಂಚಿದರು. ಬೆಂಗಳೂರಿನ ವಾದ ಇಷ್ಟು ವರ್ಷ ಸಿಕ್ಕಿಕೊಂಡದ್ದೇ ಇಲ್ಲಿ: ಕುರ್ಚಿ ಒಂದೇ ಇದೆ, ಆದ್ದರಿಂದ ಕಾಲವನ್ನು ತುಂಡು ಮಾಡದೆ ಬೇರೆ ದಾರಿಯಿಲ್ಲ ಎಂದು.

ಆಮೇಲೆ ಆದದ್ದು

ಅವಧಿ ಸಾಲದೆಂಬುದು ಯಾರಿಗೂ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಡಾ. ಕೆ. ಕಸ್ತೂರಿರಂಗನ್ ನೇತೃತ್ವದ ತಜ್ಞರ ಸಮಿತಿ 2008ರಲ್ಲೇ ನೇರ ಚುನಾಯಿತ, ಐದು ವರ್ಷ ಅವಧಿಯ ಮೇಯರ್ ಬೇಕೆಂದು ಹೇಳಿತ್ತು. ಅದು ಜಾರಿಗೆ ಬರಲಿಲ್ಲ. ಇದರಲ್ಲಿ ಆಶ್ಚರ್ಯವೂ ಇಲ್ಲ: ಐದು ವರ್ಷ ಕೂರುವ, ನಗರದ ಮತ ಪಡೆದ ಮೇಯರ್ ಎಂದರೆ ಬೆಂಗಳೂರಿನ ಶಾಸಕರಿಗೂ ನಗರಾಭಿವೃದ್ಧಿ ಖಾತೆ ಹಿಡಿದವರಿಗೂ ಎದುರಾಗಿ ನಿಲ್ಲಬಲ್ಲ ವ್ಯಕ್ತಿ. ಸಾಮಾಜಿಕ ನ್ಯಾಯದ ಹೆಸರಿನಲ್ಲಿ ಒಂದು ವರ್ಷದ ಅವಧಿ ಉಳಿದುಕೊಂಡಿತಾದರೂ, ಅದರಿಂದ ಅನುಕೂಲವಾದದ್ದು ಆ ಪೀಠವನ್ನು ದುರ್ಬಲವಾಗಿ ಇಡಬೇಕೆಂದಿದ್ದವರಿಗೆ.

ಕೊನೆಗೆ 2021ರ ಜನವರಿಯಲ್ಲಿ ಜಾರಿಗೆ ಬಂದ ಬಿಬಿಎಂಪಿ ಕಾಯ್ದೆ, 2020 ಮೇಯರ್ ಅವಧಿಯನ್ನು 30 ತಿಂಗಳಿಗೆ ಏರಿಸಿತು. ಆದರೆ ಆ ಕಾಯ್ದೆಯಡಿ ಒಬ್ಬ ಮೇಯರ್ ಕೂಡ ಆಯ್ಕೆಯಾಗಲಿಲ್ಲ. ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಅವುಗಳ ಮೇಲಿನ ವ್ಯಾಜ್ಯ ಎಂದು ಚುನಾವಣೆ ಮುಂದಕ್ಕೆ ಹೋಗುತ್ತಲೇ ಇದ್ದು, ಐದು ವರ್ಷ ನಗರವನ್ನು ಆಡಳಿತಾಧಿಕಾರಿಗಳೇ ನಡೆಸಿದರು. ವರ್ಷಕ್ಕೊಬ್ಬ ಮೇಯರ್ ಇದ್ದದ್ದಕ್ಕಿಂತ ಇದು ಕೆಟ್ಟದ್ದು. ಅಲ್ಪಾವಧಿಯ ಮಹಿಳೆಯೂ ಅಲ್ಪಾವಧಿಯ ದಲಿತರೂ ಕೌನ್ಸಿಲ್ ಸಭೆಯಲ್ಲಿ ಪ್ರಶ್ನೆಗೆ ಉತ್ತರಿಸಬೇಕಿತ್ತು. ಈ ಐದು ವರ್ಷ ಕೌನ್ಸಿಲ್ಲೇ ಇರಲಿಲ್ಲ. ರಾಜ್ಯದ ಇತರ ಪಟ್ಟಣಗಳಲ್ಲೂ ಇದೇ ಬಗೆಯ ಸ್ಥಿತಿ ಕಂಡಿದೆ: 2018ರಲ್ಲಿ ಗೆದ್ದ ನಗರಸಭೆ, ಪುರಸಭೆ ಸದಸ್ಯರು ಅಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದಾಗಿ 2020ರವರೆಗೆ ಅಧ್ಯಕ್ಷರಿಲ್ಲದೆ ಕಾದರು.

2025ರ ಮೇ 15ರಂದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂದು, ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗದಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳು ಬಂದವು. ಈ ಐದೂ ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರಾಗಿರುವುದು ಬೇರೆ ಚರ್ಚೆಯ ವಿಷಯ. ಮೇಯರ್‌ಗಳ ಅಧಿಕಾರ ಅದರಿಂದ ಇನ್ನಷ್ಟು ಕುಗ್ಗುವ ಅಪಾಯವಂತೂ ಇದೆ. ಆದರೆ ಸರದಿಯ ಲೆಕ್ಕಕ್ಕೆ ಇದು ಹೊಸ ದಾರಿಯನ್ನು ತೆರೆದಿದೆ. ಈಗ ಕುರ್ಚಿಗಳು ಐದು. ಪ್ರತಿಯೊಂದಕ್ಕೂ 30 ತಿಂಗಳ ಅವಧಿ. ಒಂದು ಕೌನ್ಸಿಲ್ ಅವಧಿಯಲ್ಲಿ ಹತ್ತು ಮೇಯರ್ ಅವಧಿಗಳು ಸಿಗುತ್ತವೆ. ಹಿಂದೆ ಹತ್ತು ವರ್ಷಗಳಲ್ಲಿ ಹತ್ತು ಮಂದಿಗೆ ಒಂದೊಂದು ವರ್ಷದಂತೆ ದಕ್ಕಿದ ಅವಕಾಶವನ್ನು ಈಗ ಐದು ವರ್ಷಗಳಲ್ಲಿ ಹತ್ತು ಮಂದಿಗೆ ಎರಡೂವರೆ ವರ್ಷದಂತೆ ಕೊಡಬಹುದು, ಯಾವ ವರ್ಗವನ್ನೂ ಕಾಯಿಸದೆ.

ಇದು ತಾನಾಗಿಯೇ ಆಗುವುದಿಲ್ಲ. ಐದೂ ಪಾಲಿಕೆಗಳ ಮೇಯರ್ ಸ್ಥಾನಗಳನ್ನು ಒಟ್ಟಾಗಿ ಪರಿಗಣಿಸಿ ಒಂದೇ ಮೀಸಲಾತಿ ಪಟ್ಟಿ ಮಾಡಬೇಕು. ಎರಡೂ ಅವಧಿಗಳ ಪಟ್ಟಿಯನ್ನು ವಾರ್ಡ್ ಚುನಾವಣೆಗೆ ಮುಂಚೆಯೇ ಪ್ರಕಟಿಸಬೇಕು. ಹಾಗಾದರೆ ಮತದಾರರಿಗೆ ತಮ್ಮ ಪಾಲಿಕೆಯ ಮೇಯರ್ ಯಾವ ವರ್ಗದವರಾಗುತ್ತಾರೆಂದು ಮೊದಲೇ ತಿಳಿದಿರುತ್ತದೆ, ಪಕ್ಷಗಳು ಅದಕ್ಕೆ ತಕ್ಕವರನ್ನು ಕಣಕ್ಕಿಳಿಸಿ ಬೆಳೆಸಬೇಕಾಗುತ್ತದೆ, ಅವಧಿಯ ನಡುವೆ ಪಟ್ಟಿಯನ್ನು ತಿದ್ದಿ ಬೇಕಾದವರನ್ನು ಕೂರಿಸುವುದಕ್ಕೂ ಕೋರ್ಟ್ ತಡೆಯಾಜ್ಞೆಯ ನೆಪದಲ್ಲಿ ಪೀಠವನ್ನು ಖಾಲಿ ಬಿಡುವುದಕ್ಕೂ ಆಸ್ಪದ ಕಡಿಮೆಯಾಗುತ್ತದೆ. ಸ್ಥಾಯಿ ಸಮಿತಿಗಳಿಗೂ ಮೇಯರ್‌ರಷ್ಟೇ ಅವಧಿ ಸಿಗಬೇಕು. ಆಯುಕ್ತರ ನೇಮಕ ಮತ್ತು ವರ್ಗಾವಣೆಯಲ್ಲಿ ಮೇಯರ್ ಅಭಿಪ್ರಾಯವನ್ನು ಲಿಖಿತವಾಗಿ ಪಡೆಯುವ ನಿಯಮ ಬರಬೇಕು. ಇವುಗಳಲ್ಲಿ ಮೊದಲನೆಯ ಎರಡಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ. 243ಟಿ ವಿಧಿ ಅದನ್ನು ಶಾಸನಸಭೆಯ ಕೈಗೇ ಕೊಟ್ಟಿದೆ.